ಲಾಳಿಯ ತೂತು ಯಾರಿಗೂ ಕಾಣಲ್ಲ

ಬೆಂಗಳೂರಿನ ಸಂಪಿಗೆ ರಸ್ತೆ ಮೆಟ್ರೊ ಪಕ್ಕದ ಮಾಲ್ ಇರೋದು ರಾಜಾ ಮಿಲ್ ಅನ್ನೋ ಬಟ್ಟೆ ಗಿರಣಿ ಇದ್ದ ಜಾಗದಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? 1884ರಲ್ಲಿ ಶುರುವಾದ ಬಿನ್ನಿ ಮಿಲ್ ಬಡಾವಣೆಯ ಹೆಸರಾಗಿ ಉಳಿದಿದೆ, ಅಷ್ಟೇ. 1980–81ರಲ್ಲಿ ಸಾರ್ವಜನಿಕ ವಲಯದ ಕಾರ್ಮಿಕರು 77 ದಿನ ಮುಷ್ಕರ ಹೂಡಿದ ಊರು ಇದು!

ಇಂಥ ಮಿಲ್‌ಗಳ, ಕಾರ್ಮಿಕರ ನೆನಪು ಉಳಿಸೋದು ಅಂದ್ರೆ ಹಳೇ ಯಂತ್ರಕ್ಕೆ ಬಣ್ಣ ಬಳಿದು ನಿಲ್ಲಿಸೋದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಣ್ಣ ಬಿದ್ದರೆ ಎಣ್ಣೆ ಕಲೆ, ಕೈ ತಾಗಿ ಸವೆದ ಹಿಡಿಯ ಹೊಳಪು ಎಲ್ಲ ಮಾಯ. ಮಗ್ಗದಲ್ಲಿ ಅಡ್ಡ ನೂಲನ್ನ ಆಚೆ ಈಚೆ ಒಯ್ಯೋ ಮರದ ಲಾಳಿಯನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಲಾಳಿ’ ಅಂತ ಚೀಟಿ ಅಂಟಿಸಿದರೆ ಏನು ತಿಳಿಯುತ್ತೆ? ಅದರ ಪಕ್ಕದಲ್ಲಿ ಒಂದು ಸಣ್ಣ ತೂತಿರುತ್ತೆ. ಹಳೇ ಮಗ್ಗಗಳಲ್ಲಿ ಲಾಳಿಯೊಳಗಿನ ಕಂಡಿಕೆ (ನೂಲು ಸುತ್ತಿದ ಕಡ್ಡಿ) ಖಾಲಿಯಾದಾಗಲೆಲ್ಲ ಹೊಸದನ್ನ ಕೂರಿಸಿ, ಆ ತೂತಿಗೆ ಬಾಯಿಟ್ಟು ಉಸಿರೆಳೆದು ನೂಲನ್ನ ಹೊರಗೆ ತರಬೇಕಿತ್ತು. ಜೊತೆಗೆ ಹತ್ತಿಯ ಧೂಳೂ ಎದೆಗೆ. ಒಬ್ಬರ ಎಂಜಲು ಮುಂದಿನ ಪಾಳಿಯವರಿಗೆ. ಲಾಳಿಯನ್ನ ತೂತು ಕಾಣೋ ಹಾಗೆ ತಿರುಗಿಸಿಡಿ, ಇದನ್ನ ಎರಡು ಸಾಲಲ್ಲಿ ಬರೀರಿ.

ಫಲಕ ಹಾಕೋದಾದ್ರೆ ಕಲ್ಲಲ್ಲಿ ಆಳವಾಗಿ ಕೆತ್ತಿಸಿ, ಬರೀ ಬಣ್ಣದ ಅಕ್ಷರ ಬಿಸಿಲು ಮಳೆಗೆ ಅಳಿಸಿಹೋಗುತ್ತೆ. ಉದ್ಘಾಟಕರ ಹೆಸರು ಕೆಳಗಿರಲಿ. ಮೇಲೆ ಮಿಲ್ ಹೆಸರು, ತೆರೆದ ವರ್ಷ, ಮುಚ್ಚಿದ ವರ್ಷ, ಎಷ್ಟು ಪಾಳಿ, ಯಾವ ಯಾವ ಖಾತೆ (ಕೆಲಸದ ವಿಭಾಗ). ಗೇಟ್ ಇದ್ದ ಜಾಗದಲ್ಲೇ ನೆಡಿ.