ಆಧಾರ್ ಇದ್ದರೆ ಪೌರತ್ವ ಸಿಕ್ಕಂತೆಯೇ?

ದಾವಣಗೆರೆಯಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆ ಕೊಡುವವರ ವಾಟ್ಸಾಪ್‌ಗೆ ಹೀಗೊಂದು ಸಂದೇಶ ಬರುತ್ತಿದೆ: 'ಬಾಡಿಗೆದಾರರ ಬಳಿ ಆಧಾರ್ ಇದ್ದರೆ ಅವರು ಭಾರತೀಯರೇ, ಪೊಲೀಸರಿಗೆ ತಿಳಿಸಬೇಕಿಲ್ಲ.' ಎರಡೂ ಮಾತು ತಪ್ಪು.

2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಇದು ಪೌರತ್ವದ ಪುರಾವೆಯಲ್ಲ ಎನ್ನುತ್ತದೆ. ಅರ್ಜಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ. ಗೊಂದಲದ ಮೂಲ ಇದೇ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಹಳೆಯ ಕಾನೂನುಗಳು ರದ್ದಾಗಿವೆ. ವಿದೇಶಿಯರು ಮನೆಗೆ ಬಂದು ಇಳಿದ 24 ಗಂಟೆಯೊಳಗೆ ಮಾಹಿತಿ ಕೊಡುವ ಹೊಣೆ ಮಾತ್ರ ಮನೆ ಮಾಲೀಕರ ಮೇಲೆ ಹಾಗೆಯೇ ಉಳಿದಿದೆ. 'ಫಾರ್ಮ್ ಸಿ' ಎಂದೇ ರೂಢಿಯಾದ ಈ ವರದಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಪಾಸ್‌ಪೋರ್ಟ್, ವೀಸಾ ವಿವರ, ಫೋಟೊ, ಭಾರತಕ್ಕೆ ಬಂದ ದಿನಾಂಕ ಕೈಯಲ್ಲಿರಲಿ. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ, ಕರೆಯುವ ಹೆಸರು ಬೇಡ. ಬಾಡಿಗೆ ಕರಾರು ಪತ್ರ ಇದಕ್ಕೆ ಬದಲಿಯಲ್ಲ.

ವೀಸಾ ಅವಧಿ ಮೀರಿ ಉಳಿದರೆ ಶಿಕ್ಷೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಧಾರ್ ತೋರಿಸಿದರೆ ಇದು ತಪ್ಪುವುದಿಲ್ಲ.