ದುಬಾರಿ ಟೈರ್ ಜಾಸ್ತಿ ಬಾಳುತ್ತದೆಯೇ? ಸತ್ಯಾಂಶ

‘ಸ್ಪೋರ್ಟ್ಸ್ ಕಾರಿನ ಟೈರ್ ದುಬಾರಿ, ಆದರೆ ಒಮ್ಮೆ ಹಾಕಿಸಿದರೆ ಲಕ್ಷ ಕಿಲೋಮೀಟರ್ ಚಿಂತೆಯಿಲ್ಲ’ ಎಂಬ ಸಂದೇಶ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಬೆಲೆ ಹಿಡಿತಕ್ಕೆ, ಬಾಳಿಕೆಗಲ್ಲ. ಇಂಥ ಟೈರಿನ ರಬ್ಬರ್ ಮೆತ್ತಗಿರುತ್ತದೆ. ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಜೋರಾಗಿ ಬ್ರೇಕ್ ಒತ್ತಿ, ಮತ್ತೆ ಆಕ್ಸಿಲರೇಟರ್ ತುಳಿದರೆ ಇನ್ನೂ ಬೇಗ. ಕೆಲವು ಕಾರುಗಳಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ. ಹಾಗಾಗಿ ಹಿಂದುಮುಂದು ಬದಲಿಸಿ ಸವೆತ ಸರಿದೂಗಿಸುವ ದಾರಿಯೂ ಇಲ್ಲ. ಕಾರು ಕೊಳ್ಳುವಾಗ ಈ ಲೆಕ್ಕ ಯಾರು ಹಾಕ್ತಾರೆ, ಅಲ್ವಾ?

ಟೈರಿನ ಪಕ್ಕದ ಮೈಮೇಲೆ ‘ಟ್ರೆಡ್‌ವೇರ್’ ಅಂಕಿ (ಸವೆತ ತಾಳುವ ಶಕ್ತಿಯ ಅಳತೆ) ಇದ್ದರೆ ನೋಡಿ. ಸಾಮಾನ್ಯವಾಗಿ 200 ಇದ್ದದ್ದು 400 ಇದ್ದದ್ದಕ್ಕಿಂತ ಬೇಗ ಸವೆಯುತ್ತದೆ. ರಸ್ತೆಗೆ ತಾಗುವ ಮೈಯಲ್ಲಿರುವ ತೋಡಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಬದಲಿಸಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ಅಲ್ಲಿಯವರೆಗೂ ಕಾಯಬೇಡಿ. ಚಕ್ರದಡಿಯ ನೀರನ್ನು ಹೊರಹಾಕುವುದು ಆ ತೋಡುಗಳೇ.