ಗಿರಾಕಿಗಳಿಗೆ, ಮಾಲು ಕೊಡುವವರಿಗೆ ಕ್ರಿಸ್‌ಮಸ್ ಉಡುಗೊರೆ ಬೇಕೆ?

ಪರ

ಮುಂಬಯಿಯಲ್ಲಿ ಉಡುಗೊರೆಯ ಹಬ್ಬ ಎಂದರೆ ದೀಪಾವಳಿ. ಆ ವಾರ ಕಚೇರಿಗಳ ಮೇಜಿನ ಮೇಲೆ ಒಣಹಣ್ಣಿನ ಪೆಟ್ಟಿಗೆಗಳು ಒಂದರ ಮೇಲೊಂದು ಪೇರಿಕೊಂಡಿರುತ್ತವೆ. ಯಾವುದನ್ನು ಯಾರು ಕೊಟ್ಟರೆಂದು ಸಂಜೆಯೊಳಗೆ ಮರೆತುಹೋಗುತ್ತದೆ. ಅಷ್ಟು ಖರ್ಚು ಮಾಡಿಯಾದ ಮೇಲೆ ಕ್ರಿಸ್‌ಮಸ್‌ಗೆ ಇನ್ನೊಂದೇಕೆ ಎಂದು ನಮ್ಮ ಕನ್ನಡಿಗ ವ್ಯಾಪಾರಿಗಳು ಕೇಳುತ್ತಾರೆ. ಹಬ್ಬ ಯಾರದೋ ಅವರನ್ನು ಆ ಹಬ್ಬಕ್ಕೇ ನೆನೆಯಬೇಕು ಎಂಬುದು ನನ್ನ ಉತ್ತರ.

ಅಂಧೇರಿಯ ಕಡೆ ನಾನು ಕಾರ್ಖಾನೆಗಳ ಕ್ಯಾಂಟೀನ್ ಗುತ್ತಿಗೆ ನಡೆಸುತ್ತೇನೆ. ನಮಗೆ ಪಾವ್ ಕೊಡುವ ಬೇಕರಿಯವರು ಮಂಗಳೂರು ಮೂಲದ ಕ್ಯಾಥೊಲಿಕರು. ಮಳೆಗಾಲದಲ್ಲಿ ರೈಲು ನಿಂತ ದಿನವೂ ಅವರ ಟೆಂಪೋ ನಸುಕಿಗೇ ಬಂದು ನಿಂತಿರುತ್ತದೆ. ಅಂಥವರಿಗೆ ದೀಪಾವಳಿಯ ಪೆಟ್ಟಿಗೆ ಕೊಟ್ಟು ಕೈತೊಳೆದುಕೊಂಡರೆ ನಾವು ನಮ್ಮ ಹಬ್ಬ ಆಚರಿಸಿದಂತಾಯಿತೇ ಹೊರತು ಅವರದಲ್ಲ.

ಏನು ಕೊಡಬೇಕು ಎನ್ನುವಲ್ಲಿ ಮನಸ್ಸು ಓಡಬೇಕು. ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಅವರ ಮನೆಯಲ್ಲೇ ಸಿದ್ಧವಾಗುತ್ತದೆ. ಅದನ್ನೇ ಅಂಗಡಿಯಿಂದ ತಂದುಕೊಟ್ಟರೆ ಏನು ಬಂತು? ನಾನು ಮಾಟುಂಗಾದಲ್ಲಿ ಆಗಷ್ಟೇ ಬೀಸಿಸಿದ ಕಾಫಿಪುಡಿ ಕೊಂಡೊಯ್ಯುತ್ತೇನೆ. ಆ ಮನೆಯ ಅಜ್ಜಿಗೆ ಚಿಕೋರಿ ಕಡಿಮೆ ಇರಬೇಕು. ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದ ಕೂಡಲೇ ಅವರಿಗೆ ಅದು ಗೊತ್ತಾಗುತ್ತದೆ. ಕುಸ್ವಾರನ್ನು ಅವರ ಬೇಕರಿಯಿಂದಲೇ ಕೊಂಡು ನನ್ನ ಗಿರಾಕಿ ಕಂಪನಿಗಳಿಗೆ ಕಳುಹಿಸುತ್ತೇನೆ. ಎಳ್ಳು, ಕೊಬ್ಬರಿ ತುಂಬಿದ ನೆವ್ರಿಯನ್ನು ನಮ್ಮ ಕರ್ಜಿಕಾಯಿ ಬಲ್ಲವರಿಗೆ ಪರಿಚಯಿಸಬೇಕಿಲ್ಲ. ಜೈನ ಗಿರಾಕಿಗೆ ಮಾತ್ರ ಪ್ಲಮ್ ಕೇಕ್ ಕಳುಹಿಸಬಾರದು. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಹಲವು ಸಲ ರಮ್‌ನಲ್ಲಿ ನೆನೆದ ದ್ರಾಕ್ಷಿಯೂ ಇರುತ್ತದೆ. ಬಾಟಲಿ ಕೊಡುವ ಚಾಳಿಯಂತೂ ಬೇಡವೇ ಬೇಡ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆಯಂತೆ ಮದ್ಯ ಇಟ್ಟುಕೊಳ್ಳಲೂ ಕುಡಿಯಲೂ ಪರವಾನಗಿ ಬೇಕು.

ವಿದೇಶದ ಗಿರಾಕಿಗಳಿರುವವರು ಇನ್ನೂ ಮುಂಚೆ ಎಚ್ಚೆತ್ತುಕೊಳ್ಳಬೇಕು. ಧಾರವಾಡ ಪೇಡೆಯಂಥ ಹಾಲಿನ ಪದಾರ್ಥವನ್ನು ಖಾಸಗಿ ಪಾರ್ಸೆಲ್‌ನಲ್ಲಿ ಐರೋಪ್ಯ ಒಕ್ಕೂಟ ಒಳಗೆ ಬಿಡುವುದಿಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗೊಂಬೆ ಹಗುರ, ಕೆಡುವ ಭಯವೂ ಇಲ್ಲ. ಮೇಜಿನ ಮೇಲೆ ವರ್ಷಗಟ್ಟಲೆ ನಿಲ್ಲುತ್ತದೆ. ಅದರ ಮೇಲೆ ನಮ್ಮ ಕಂಪನಿಯ ಲಾಂಛನ ಒತ್ತಿಸಿದರೆ ಉಡುಗೊರೆ ಹೋಗಿ ಜಾಹೀರಾತು ಆಗುತ್ತದೆ. ಅದರ ಬದಲು ಕೈಯಾರೆ ಎರಡು ಸಾಲು ಬರೆದು, ಆ ವರ್ಷ ಅವರು ನಮಗೆ ಮಾಡಿದ ಒಂದು ಉಪಕಾರವನ್ನು ಹೆಸರು ಹೇಳಿ ನೆನೆದರೆ ಸಾಕು.

ವಿರೋಧ

ನಾನು ವಸಾಯಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವವನು. ಕಂಪನಿಗಳು ಹಂಚುವ ಉಡುಗೊರೆಯ ಪೆಟ್ಟಿಗೆಗಳೂ ನಮ್ಮಲ್ಲಿ ತಯಾರಾಗುತ್ತವೆ, ಅದರಿಂದ ನನಗೆ ಆದಾಯವೂ ಇದೆ. ಆದರೂ ಈ ಪದ್ಧತಿ ನಿಲ್ಲಬೇಕು ಎನ್ನುತ್ತೇನೆ.

ಕಾಫಿಪುಡಿ, ಎರಡು ಸಾಲಿನ ಪತ್ರ, ಇವಕ್ಕೆ ನನ್ನ ತಕರಾರಿಲ್ಲ. ಆದರೆ ಉಡುಗೊರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮಾಲು ಕೊಡುವವನು ಖರೀದಿ ಅಧಿಕಾರಿಗೆ ಕೊಡುವುದು ಸಮಾನರ ನಡುವಿನ ಕೊಡುಕೊಳ್ಳುವಿಕೆ ಅಲ್ಲ. ಮುಂದಿನ ವರ್ಷದ ದರ ಒಪ್ಪಂದ ಇನ್ನೇನು ಬರಲಿರುವ ಹೊತ್ತಿಗೆ ಒಬ್ಬ ಬೆಳ್ಳಿ ನಾಣ್ಯ ಇಡುತ್ತಾನೆ, ಅದನ್ನು ಕಂಡ ಇನ್ನೊಬ್ಬ ಕೈಗಡಿಯಾರ ಇಡುತ್ತಾನೆ. ಆಗ ಸಣ್ಣ ಕಾರ್ಖಾನೆಯವನು ಸಾಲ ಮಾಡಿಯಾದರೂ ಏನಾದರೂ ಒಯ್ಯಬೇಕು, ಇಲ್ಲವೇ ಕೈಕಟ್ಟಿ ನೋಡುತ್ತಿರಬೇಕು. ಒಂದು ಸಲ ಕೊಟ್ಟದ್ದು ವಾಡಿಕೆಯಾಗಿಬಿಡುತ್ತದೆ. ಮರುವರ್ಷ ಚಿಕ್ಕದು ಹೋದರೆ ಅದಕ್ಕೂ ಅರ್ಥ ಹಚ್ಚುತ್ತಾರೆ. ಹಲವು ಕಂಪನಿಗಳು ತಮ್ಮ ನೌಕರರು ಉಡುಗೊರೆ ಮುಟ್ಟಬಾರದೆಂದು ನಿಯಮ ಮಾಡಿರುವುದು ಇದೇ ಕಾರಣಕ್ಕೆ. ಅಂಥಲ್ಲಿಗೆ ಪೆಟ್ಟಿಗೆ ಕಳುಹಿಸಿದರೆ ಪ್ರಾಮಾಣಿಕ ಮನುಷ್ಯನೊಬ್ಬ ಅದನ್ನು ಹಿಂದಿರುಗಿಸುವ ಮುಜುಗರ ಪಡಬೇಕಾಗುತ್ತದೆ.

ತೆರಿಗೆಯ ಲೆಕ್ಕವನ್ನೂ ನೋಡಿ. ಉಡುಗೊರೆಯಾಗಿ ಕೊಟ್ಟ ಸರಕಿಗೆ ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆಯ ಜಮೆ, ಅಂದರೆ ಕೊಳ್ಳುವಾಗ ತೆತ್ತ ತೆರಿಗೆಯನ್ನು ನಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅನುಕೂಲ, ಸಿಗುವುದಿಲ್ಲ. ವ್ಯಾಪಾರದ ನಂಟಿನಲ್ಲಿ ಒಬ್ಬರಿಗೆ ವರ್ಷದಲ್ಲಿ ಕೊಟ್ಟದ್ದು 20,000 ರೂಪಾಯಿ ದಾಟಿದರೆ ಶೇ 10ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳಬೇಕು ಎಂಬ ನಿಯಮ 2022ರ ಜುಲೈ 1ರಿಂದ ಬಂತು. ಅದರ ಹೊಣೆ ಕೊಡುವವರದೇ.

ನನ್ನನ್ನು ನಿಜವಾಗಿ ಕೆರಳಿಸುವುದು ಬೇರೆ. ಒಂದು ದೊಡ್ಡ ಕಂಪನಿ ಕಳೆದ ಡಿಸೆಂಬರಿನಲ್ಲಿ ನಮಗೆ ಬೆತ್ತದ ಬುಟ್ಟಿ ಕಳುಹಿಸಿತು. ಒಳಗೆ ಆಮದು ಚಾಕೊಲೇಟ್, ಗಾಜಿನ ಭರಣಿಯಲ್ಲಿ ಬಾದಾಮಿ, ಮೇಣದ ಬತ್ತಿ, ಚಿನ್ನದ ಬಣ್ಣದ ರಿಬ್ಬನ್. ಸೆಪ್ಟೆಂಬರಿನಲ್ಲಿ ನಾವು ಕೊಟ್ಟ ಮಾಲಿನ ಬಿಲ್ಲು ಅವರ ಲೆಕ್ಕ ವಿಭಾಗದಲ್ಲಿ ಹಾಗೇ ಬಿದ್ದಿತ್ತು. ಕಾಗದದ ಗಿರಣಿಯವರು ನನಗೆ ಅಷ್ಟು ಕಾಲ ಉದ್ರಿ ಕೊಡುವುದಿಲ್ಲ. ಬ್ಯಾಂಕಿನ ಬಡ್ಡಿ ಭಾನುವಾರವೂ ಬೆಳೆಯುತ್ತದೆ. ಆ ಬುಟ್ಟಿಯ ಬಾದಾಮಿ ನನ್ನದೇ ಬಾಕಿ ಹಣದಿಂದ ಕೊಂಡದ್ದು ಎಂದೇ ನನಗೆ ಅನಿಸಿತು.

ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ. ಇದು 2006ರ ಕಾಯ್ದೆಯ ಮಾತು. ತಡಮಾಡಿದವರು ಆ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ, ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು ಎಂಬ ತಿದ್ದುಪಡಿ 2023ರ ಹಣಕಾಸು ಕಾಯ್ದೆಯಲ್ಲಿ ಬಂತು. ಇಷ್ಟೆಲ್ಲ ಇದ್ದರೂ ಬಾಕಿಗಾಗಿ ಫೋನ್ ಮಾಡುವುದು ನಮ್ಮ ದಿನದ ಕೆಲಸವಾಗಿಯೇ ಉಳಿದಿದೆ.

ನನ್ನ ಕೆಲಸಗಾರರಲ್ಲಿ ಅನೇಕರು ವಸಾಯಿಯ ಕ್ಯಾಥೊಲಿಕರು. ಮಕ್ಕಳಿಗೆ ಹೊಸ ಬಟ್ಟೆ ಕೊಳ್ಳಲು, ಮನೆಗೆ ಸುಣ್ಣಬಣ್ಣ ಮಾಡಿಸಲು ಅವರಿಗೆ ಹಣ ಬೇಕಾಗುವುದು ಡಿಸೆಂಬರಿನ ಮೂರನೆಯ ವಾರದಲ್ಲಿ. ಆಗ ಅವರು ಮುಂಗಡ ಕೇಳಿದರೆ ನನಗೆ ಬರಬೇಕಾದದ್ದು ಬಂದಿದ್ದರೆ ತಾನೇ ನಾನು ಕೊಡುವುದು? ಕಂಪನಿಗಳು ಉಡುಗೊರೆಯ ಪಟ್ಟಿ ಮಾಡಲು ಕುಳಿತ ದಿನ ಅದೇ ಹೆಸರುಗಳ ಬಾಕಿಯ ಪಟ್ಟಿಯನ್ನೂ ತರಿಸಿಕೊಳ್ಳಲಿ. ಅವಧಿ ಮೀರಿದ ಬಿಲ್ಲುಗಳ ಹಣವನ್ನು ಡಿಸೆಂಬರ್ 20ರೊಳಗೆ ಖಾತೆಗೆ ಜಮಾ ಮಾಡಲಿ. ಬುಟ್ಟಿ ಕಳುಹಿಸದಿದ್ದರೆ ನಮ್ಮಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.